ಸೇವೆ ಅವನು ಕೊಟ್ಟರೆ ಉಂಟು

ಉಡುಪಿಯ ಕೃಷ್ಣಮಠದಲ್ಲಿ ಪರ್ಯಾಯ, ಅಂದರೆ ಪೂಜೆಯ ಸರದಿ, ಬಂದು ಪೀಠ ಏರುವ ಸ್ವಾಮಿಗಳ ಕೈಗೆ ಎಂತೆಲ್ಲ ಕೊಡ್ತಾರೆ ಗೊತ್ತುಂಟಾ? ಗರ್ಭಗುಡಿಯ ಕೀಲಿಕೈ, ಅಕ್ಷಯ ಪಾತ್ರೆ, ಮತ್ತೆ ಒಂದು ಸಟ್ಟುಗ. ಹೌದು ಮಾರಾಯ್ರೇ, ಬಡಿಸುವ ಸಟ್ಟುಗವೇ. ಕಾಪು ಹತ್ತಿರದ ದಂಡತೀರ್ಥದಲ್ಲಿ ಮಿಂದು, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಬಂದು, ಇಡೀ ಊರು ನಿದ್ದೆಗೆಟ್ಟು ನೋಡುವಾಗ ಸಿಗುವ ಅಧಿಕಾರ ಇಷ್ಟೇ. ಎರಡು ವರ್ಷ ಕೃಷ್ಣನ ಪೂಜೆ ಮಾಡು, ಬಂದವರಿಗೆ ಊಟ ಹಾಕು. ಇದಕ್ಕಿಂತ ಚಂದದ ಪಟ್ಟಾಭಿಷೇಕ ನನಗಂತೂ ಗೊತ್ತಿಲ್ಲ.

ಈ ಸರದಿಗೆ ಉಡುಪಿಯ ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ. ಮೊದಲು ಎರಡೆರಡು ತಿಂಗಳ ಸರದಿ ಇತ್ತು. 16ನೇ ಶತಮಾನದಲ್ಲಿ ಸೋದೆ ಮಠದ ಸ್ವಾಮಿಗಳಾದ ವಾದಿರಾಜರು ಅದನ್ನು ಎರಡು ವರ್ಷಕ್ಕೆ ಬದಲಾಯಿಸಿದರು. ಹಾಗಾಗಿ ಒಂದು ಮಠಕ್ಕೆ ಮತ್ತೆ ಸರದಿ ಬರಬೇಕಾದರೆ 16 ವರ್ಷ ಬೇಕು. ಪೇಜಾವರ ಮಠದ ವಿಶ್ವೇಶತೀರ್ಥರು 1952ರಿಂದ 2016ರ ತನಕ ಐದು ಸಲ ಪೀಠ ಏರಿದರು. ಅಂಥವರೂ ಎರಡು ವರ್ಷ ಮುಗಿದ ಕೂಡಲೇ ಕೀಲಿಕೈ ಇನ್ನೊಬ್ಬರಿಗೆ ಕೊಟ್ಟು ಎದ್ದರು. ಕೆಲಸ ಬಾಕಿ ಉಂಟು, ಇನ್ನಾರು ತಿಂಗಳು ಇರ್ತೇನೆ ಅನ್ನುವ ಹಾಗಿಲ್ಲ.

ದೇವರ ಸೇವೆ ಅಂದರೆ ನನ್ನ ಲೆಕ್ಕದಲ್ಲಿ ಇಷ್ಟೇ. ಸರದಿ ಸಿಕ್ಕಿದರೆ ಪುಣ್ಯ. ಸಿಕ್ಕಿದಷ್ಟು ದಿನ ಸರಿಯಾಗಿ ಮಾಡಬೇಕು. ಮುಗಿದಾಗ ಜಾಗ ಬಿಡಬೇಕು.

ಸರಿಯಾಗಿ ಮಾಡೋದು ಅಂದರೆ ಹೇಗೆ ಅಂತ ತಿಳಿಯಬೇಕಾದರೆ ಪರ್ಯಾಯದ ದಿನ ಅಲ್ಲ, ಅದರ ಹಿಂದಿನ ವರ್ಷ ಉಡುಪಿಗೆ ಬರಬೇಕು. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ನಾಳೆ ಊಟಕ್ಕೆ ಬರುವವರ ಎಲೆಗಾಗಿ ಇವತ್ತು ಬಾಳೆ ಗಿಡ ನೆಡ್ತಾರೆ. ಮಧ್ವ ಸರೋವರದ ಪಕ್ಕ ಸೌದೆಯನ್ನು ರಥದ ಹಾಗೆ ಪೇರಿಸಿ ಇಡ್ತಾರೆ. ಇಷ್ಟು ಮಾಡುವಾಗ ಕ್ಯಾಮೆರಾದವರು ಜಾಸ್ತಿ ಇರೋದಿಲ್ಲ.

ಕಟಪಾಡಿ ಹತ್ತಿರದ ಮಟ್ಟು ಊರಿನವರನ್ನು ನೋಡಿ. ಅವರ ಗುಳ್ಳಕ್ಕೆ, ಅಂದರೆ ಆ ಊರಿನ ಬದನೆಗೆ, 2011ರಲ್ಲಿ ಜಿಐ (ಊರಿನ ಹೆಸರಿನ ಗುರುತು) ಮಾನ್ಯತೆ ಸಿಕ್ಕಿತು, ಹೊರಗೂ ಹೆಸರಾಯಿತು. ಬೀಜ ಕೊಟ್ಟದ್ದು ವಾದಿರಾಜರೇ ಅಂತ ಊರವರ ನಂಬಿಕೆ. ದುಂಡಗೆ, ತಿಳಿ ಹಸಿರು ಬಣ್ಣ, ತೊಟ್ಟಿನಲ್ಲಿ ಮುಳ್ಳು. ಕೊಯ್ಯುವಾಗ ಕೈಗೆ ಚುಚ್ಚುತ್ತದೆ. ಆದರೂ ಮೊದಲ ಬೆಳೆ ಕೃಷ್ಣನಿಗೆ. ಮಾರುಕಟ್ಟೆಗೆ ಹೋಗೋದು ಆಮೇಲೆ. ಹಂಗಾಮಿನ ಮೊದಲ ಗುಳ್ಳಕ್ಕೆ ಒಳ್ಳೇ ರೇಟ್ ಇರುವಾಗ ಅದನ್ನು ದೇವರಿಗೆ ಕೊಡೋದು ಸುಮ್ನೆ ಅಲ್ಲ. ಇವರಲ್ಲಿ ಯಾರೂ ಗರ್ಭಗುಡಿಗೆ ಹೋಗೋದಿಲ್ಲ. ಅಷ್ಟಮಠದ ಸ್ವಾಮಿಗಳನ್ನು ಬಿಟ್ಟರೆ ಆ ವಿಗ್ರಹ ಮುಟ್ಟುವ ಅವಕಾಶ ಯಾರಿಗೂ ಇಲ್ಲ. ಆದರೆ ಹುಳಿಯಲ್ಲಿ ಇವರ ಗುಳ್ಳ ಇರ್ತದೆ.

ಅಡುಗೆಯವರ ವಿಷಯ ಇನ್ನೂ ಸೋಜಿಗ. ನೈವೇದ್ಯ ಆಗುವ ತನಕ ಯಾರೂ ರುಚಿ ನೋಡುವ ಹಾಗಿಲ್ಲ, ಎಂಜಲಾಗ್ತದೆ. ಅಷ್ಟು ದೊಡ್ಡ ಕೊಪ್ಪರಿಗೆಗೆ ಉಪ್ಪು ಕೈ ಅಂದಾಜಿನಲ್ಲಿ ಬೀಳಬೇಕು. ಹುಳಿ ಹದಕ್ಕೆ ಬಂತೋ ಇಲ್ಲವೋ ಅಂತ ಪರಿಮಳದಲ್ಲೇ ಗೊತ್ತಾಗಬೇಕು. ತನ್ನ ನಾಲಿಗೆಯನ್ನು ಪೂರಾ ಬದಿಗಿಟ್ಟು ಇನ್ನೊಬ್ಬನಿಗಾಗಿ ಅಡುಗೆ ಮಾಡೋದು! ಭಕ್ತಿಯ ಬಗ್ಗೆ ನಾನು ಕೇಳಿದ ಯಾವ ಪ್ರವಚನವೂ ಇದರಷ್ಟು ನನ್ನ ತಲೆಗೆ ಹೋಗಿಲ್ಲ.

ನಾನು ದೇವಸ್ಥಾನಗಳಲ್ಲಿ ಬಡಿಸಲಿಕ್ಕೆ ಹೋಗ್ತೇನೆ. ಅಲ್ಲಿ ತರಕಾರಿ ಹಚ್ಚುವ ಅಮ್ಮ ಒಬ್ಬರಿದ್ದಾರೆ. ಮೆಟ್ಟುಕತ್ತಿ ಮುಂದೆ ಕೂತರೆ ಏಳೋದೇ ಇಲ್ಲ. ಸೊಂಟ ನೋವಾಗುದಿಲ್ವಾ ಅಂತ ಕೇಳಿದೆ. "ಆಗ್ತದೆ ಮಗಾ. ಆದ್ರೆ ಅವ ಕರೆಸಿಕೊಂಡದ್ದಲ್ವಾ, ಅವನೇ ನೋಡ್ಕೊಳ್ತಾನೆ" ಅಂದರು. ಅವರಿಗೆ ಇದು ತ್ಯಾಗ ಅಂತ ಅನಿಸಿಯೇ ಇಲ್ಲ. ಒಂದು ದಿನ ಬರಲಾಗದಿದ್ದರೆ ಬೇಜಾರು ಮಾಡ್ಕೊಳ್ತಾರೆ, ಅಷ್ಟೇ.

ಈಗ ಕೆಲವರಿಗೆ ಸಿಟ್ಟು ಬರುವ ಮಾತು. ಟ್ಯೂಬ್‌ಲೈಟ್ ಕೊಟ್ಟು ಅದರ ಮೇಲೆ ಬೆಳಕಿಗಿಂತ ದೊಡ್ಡದಾಗಿ ಹೆಸರು ಬರೆಸುವವರು ಎಲ್ಲ ಕಡೆ ಇದ್ದಾರೆ. ದುಡ್ಡು ಕೊಡೋದು ತಪ್ಪಲ್ಲ, ದುಡ್ಡಿಲ್ಲದೆ ಒಲೆ ಉರಿಯೋದಿಲ್ಲ. ಆದರೆ ಕೊಟ್ಟವರು ಮರುದಿನದಿಂದ ದೇವರು ತಮ್ಮ ಸಾಲಗಾರ ಅನ್ನುವ ಹಾಗೆ ನಡ್ಕೊಳ್ತಾರಲ್ಲ, ಅದು ನನಗೆ ಆಗೋದಿಲ್ಲ. ಹಾಗೇ ಊಟದ ಪಂಕ್ತಿಯಲ್ಲಿ ಜಾತಿ ನೋಡಿ ಬೇರೆ ಕೂರಿಸುವುದೂ ಆಗೋದಿಲ್ಲ. ಇದರ ಮೇಲೆ ಜಗಳ, ಪ್ರತಿಭಟನೆ ಎಲ್ಲ ಆಗಿದೆ, ಆಗಬೇಕಾದ್ದೇ. ಹೊರಗೆ ನಿಂತ ಕನಕದಾಸರ ಕಡೆಗೆ ಕೃಷ್ಣ ತಿರುಗಿದ ಅಂತ ಕಥೆ ಹೇಳುವ ಊರು ನಮ್ಮದು. ಬಡಿಸುವವನ ಕೈಯಲ್ಲಿರುವ ಅನ್ನ ಬಡಿಸುವವನದ್ದಲ್ಲ. ಯಾರಿಗೆ ಎಲ್ಲಿ ಹಾಕಬೇಕು ಅಂತ ಅವನು ತೀರ್ಮಾನಿಸೋದು ಹೇಗೆ?

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ. ರಿಟೈರ್ ಆಗಿದ್ದಾನೆ, ದೇವರ ಸೇವೆ ಮಾಡಬೇಕು ಅಂತ ತುಂಬಾ ಆಸೆಯಂತೆ. ಎಂತಾದರೂ ಅವಕಾಶ ಉಂಟಾ ಅಂತ ಕೇಳಿದ. ಉಂಟಲ್ಲ, ಪಾತ್ರೆ ತೊಳೆಯುವಲ್ಲಿ ಯಾವಾಗಲೂ ಜನ ಕಡಿಮೆ ಅಂದೆ. ಮನೆಯಲ್ಲಿ ಕೇಳಿ ಹೇಳ್ತೇನೆ ಅಂದ. ಕಾಯ್ತಾ ಇದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಬರುವ ಮನಸ್ಸಿದ್ದರೆ ಹೇಳಿ, ಸೋಪು ಅಲ್ಲೇ ಕೊಡ್ತಾರೆ.