ಪುಟ್ಟ ಮಕ್ಕಳಿಗೆ ಸದ್ದು-ಮೌನದ ನೃತ್ಯನಾಟಕ ಬೇಕೇ?

ಮಾತು ಕಡಿಮೆ, ಕುಣಿತ ಜಾಸ್ತಿ. ಕಥೆಗಿಂತ ಸದ್ದು ಮತ್ತು ಮೌನವೇ ಮುಖ್ಯ. 3ರಿಂದ 6 ವರ್ಷದ ಮಕ್ಕಳಿಗೆಂದೇ ಕಟ್ಟುವ ಇಂಥ ನೃತ್ಯನಾಟಕಗಳನ್ನು ಹಾಸನ, ಚಿಕ್ಕಮಗಳೂರಿನಂಥ ಊರುಗಳಿಗೂ ತರಬೇಕೇ? ಹಾಸನದ ಒಬ್ಬ ನೃತ್ಯ ಶಿಕ್ಷಕಿ ಪರವಾಗಿ ಬರೆದಿದ್ದಾರೆ. ಮೂಡಿಗೆರೆ ಕಡೆಯ ಅಂಗನವಾಡಿಗಳಲ್ಲಿ ಕೆಲಸ ಮಾಡಿದ ಒಬ್ಬರು ವಿರೋಧವಾಗಿ ಬರೆದಿದ್ದಾರೆ.

ಪರ: ಮೈಕ್ ಇಲ್ಲದ ಅರ್ಧ ಗಂಟೆ ಕೊಡಿ

ನಮ್ಮ ಕಡೆ ಶಾಲಾ ವಾರ್ಷಿಕೋತ್ಸವ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಎಲ್‌ಕೆಜಿ ಮಕ್ಕಳು ಜರಿ ಬಟ್ಟೆ ಹಾಕಿಕೊಂಡು ವೇದಿಕೆಗೆ ಬರುತ್ತವೆ. ಎರಡೂ ಪಕ್ಕ ಆಳೆತ್ತರದ ಸ್ಪೀಕರ್. ಹಾಡು ಶುರುವಾದ ಕೂಡಲೇ ಮುಂದಿನ ಸಾಲಿನ ಪುಟ್ಟ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತವೆ. ಕುಣಿಯುವ ಮಗುವಿನ ಕಾಲಲ್ಲಿ ಗೆಜ್ಜೆ ಇರುತ್ತದೆ, ಅದರ ಸದ್ದು ಆ ಮಗುವಿಗೇ ಕೇಳಿಸುವುದಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ಶಾಲೆಯ ಸುತ್ತಲಿನ 100 ಮೀಟರನ್ನು ನಿಶ್ಶಬ್ದ ವಲಯ ಎಂದು ಘೋಷಿಸಲು ಅವಕಾಶವಿದೆ. ಅಂಥ ವಲಯದಲ್ಲಿ ಹಗಲು 50 ಡೆಸಿಬಲ್ ಮಿತಿ. ಮೆಲ್ಲಗೆ ಮಾತಾಡುವಷ್ಟು ಸದ್ದು ಅದು. ಆದರೆ ಮಕ್ಕಳ ಕಾರ್ಯಕ್ರಮ ಅಂದರೆ ಜೋರಾಗಿರಬೇಕು ಎಂದು ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ.

ಒಂದು ಸದ್ದು ಚೆನ್ನಾಗಿ ಕೇಳಿಸಬೇಕಾದರೆ ಅದರ ಆಚೆ ಈಚೆ ಸ್ವಲ್ಪ ಜಾಗ ಬೇಕು. ನೃತ್ಯ ಕಲಿಸುವವರಿಗೆ ಇದು ದಿನಾ ಕಾಣುತ್ತದೆ. ಆದಿತಾಳದ ಎಂಟು ಎಣಿಕೆಯಲ್ಲಿ ಕೈ ಪೆಟ್ಟು ಹಾಕುವುದು ಮೂರೇ ಸಲ. ಮೂರು ಬೆರಳೆಣಿಕೆ, ಎರಡು ಹುಸಿ. ಹುಸಿಯಲ್ಲಿ ಅಂಗೈ ತಿರುಗಿಸುತ್ತೇವೆ ಅಷ್ಟೆ, ಸದ್ದಿಲ್ಲ. ಲೆಕ್ಕ ಮಾತ್ರ ನಡೆದೇ ಇರುತ್ತದೆ. ಐದು ವರ್ಷದ ಮಕ್ಕಳು ತಪ್ಪುವುದು ಅಲ್ಲೇ. ಕಾಯಲಾಗದೆ ಮುಂದಿನ ಪೆಟ್ಟಿಗೆ ಹಾರಿಬಿಡುತ್ತಾರೆ. ಒಂದು ದಿನ ಕಾಯುವುದು ಬರುತ್ತದೆ. ಆಮೇಲೆ ಆ ಮಗು ನಿಲ್ಲುವ ರೀತಿಯೇ ಬೇರೆ. ಭರತನಾಟ್ಯದ ಮೊದಲ ಪಾಠವಾದ ತಟ್ಟಡವಿನ 'ತೈಯಾ ತೈ'ಗೆ ಹೆಜ್ಜೆ ಇಟ್ಟು ನಿಂತರೆ ಅರೆಮಂಡಿ (ಮಂಡಿ ಅರ್ಧ ಬಗ್ಗಿಸಿದ ನಿಲುವು) ಅಲ್ಲಾಡುವುದಿಲ್ಲ, ಕಣ್ಣು ಆಚೆ ಈಚೆ ಓಡುವುದಿಲ್ಲ.

ಪುಟ್ಟ ಮಕ್ಕಳ ನೃತ್ಯನಾಟಕ ಈ ಕಾಯುವಿಕೆಯನ್ನೇ ಆಟ ಮಾಡುತ್ತದೆ. ದೊಡ್ಡ ವೇದಿಕೆ ಬೇಡ. ಜಮಖಾನದ ಮೇಲೆ ಮಕ್ಕಳು ಸುತ್ತ ಕೂತಿರುತ್ತಾರೆ, ನಡುವೆ ಇಬ್ಬರು ಕುಣಿಯುವವರು, ಒಬ್ಬರು ವಾದ್ಯದವರು. ಬೆಳಕು ಸ್ವಲ್ಪ ಕಡಿಮೆ, ಪೂರ್ತಿ ಕತ್ತಲೆ ಇಲ್ಲ. ಮೂವತ್ತು-ನಲವತ್ತು ನಿಮಿಷ ಸಾಕು. ಒಬ್ಬಳು ಒಂದೇ ಕಾಲಿಗೆ ಗೆಜ್ಜೆ ಕಟ್ಟಿಕೊಂಡು ನಡೆಯುತ್ತಾಳೆ. ಒಂದು ಹೆಜ್ಜೆಗೆ ಸದ್ದು, ಇನ್ನೊಂದಕ್ಕೆ ಇಲ್ಲ. ಇದು ಗೊತ್ತಾದ ಕೂಡಲೇ ಮಕ್ಕಳು ಕಾಲನ್ನೇ ನೋಡತೊಡಗುತ್ತಾರೆ. ಮೊರದಲ್ಲಿ ರಾಗಿ ಕೇರಿದರೆ ಒಂದು ಸದ್ದು, ಕಾಫಿ ಬೀಜ ಕೇರಿದರೆ ಇನ್ನೊಂದು. ಆ ಎರಡಕ್ಕೂ ಮೈ ಬೇರೆ ಬೇರೆ ಥರ ಕುಣಿಯುತ್ತದೆ. ಅಂಗೈ ಮೇಲೆ ಒಂದು ಬೆರಳು, ಎರಡು ಬೆರಳು, ಆಮೇಲೆ ಐದೂ ಬೆರಳು ತಟ್ಟಿದರೆ ಮಳೆ ಬಂತು. ಆಮೇಲೆ ಎಲ್ಲವೂ ಗಕ್ಕನೆ ನಿಲ್ಲುತ್ತದೆ. ಯಾವುದೋ ಮಗು "ಇನ್ನೊಂದ್ ಸಲ!" ಅನ್ನುತ್ತದೆ. ಆ ಕೂಗನ್ನೂ ಕಲಾವಿದೆ ಕುಣಿತಕ್ಕೆ ಸೇರಿಸಿಕೊಳ್ಳಬೇಕು. ಅಷ್ಟು ಬರದವರು ಈ ಕೆಲಸಕ್ಕೆ ಕೈ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಳುವ ಮಗುವನ್ನು ಹೊರಗೆ ಕರೆದುಕೊಂಡು ಹೋಗಿ ಮತ್ತೆ ಒಳಗೆ ತರಬಹುದು, ಯಾರೂ ಮುಖ ಸಿಂಡರಿಸುವುದಿಲ್ಲ.

ಇದೇನೂ ನಿನ್ನೆ ಮೊನ್ನೆಯ ಪ್ರಯೋಗ ಅಲ್ಲ. ಇಟಲಿಯ ಬೊಲೋನ್ಯಾದ ಲಾ ಬರಾಕ್ಕಾ ತಂಡ 1976ರಿಂದ ಮಕ್ಕಳಿಗಾಗಿ ನಾಟಕ ಮಾಡುತ್ತಿದೆ. 1980ರ ದಶಕದಲ್ಲೇ ಮೂರು ವರ್ಷದೊಳಗಿನ ಮಕ್ಕಳಿಗೂ ಶುರು ಮಾಡಿತು. ನಮ್ಮಲ್ಲಿ ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಇದೆ. 1985ರಿಂದ ನೀನಾಸಂ ತಿರುಗಾಟ ಊರೂರಿಗೆ ಒಳ್ಳೆಯ ನಾಟಕ ತಂದಿದೆ. ಆದರೆ ಇನ್ನೂ ಶಾಲೆಗೆ ಸೇರದ ಮಗುವಿಗೆ ಅಂತ ಏನಿದೆ? ಅಪ್ಪ-ಅಮ್ಮನ ಮೊಬೈಲು.

ಬೇಲೂರಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಒಂದು ಹುಡುಗಿ ವಾದ್ಯ ಹಿಡಿದ ಮದನಿಕೆಯನ್ನು ನೋಡಿ, "ಇದು ಬಾರ್ಸಲ್ವಾ ಮಿಸ್?" ಅಂದಳು. ಇನ್ನೊಬ್ಬಳು ಬಾಯಲ್ಲೇ "ತಕಿಟ ತಕಿಟ" ಅಂತ ಬಾರಿಸಿಯೇಬಿಟ್ಟಳು. ಸದ್ದಿಲ್ಲದ ಕಲ್ಲು ಮಗುವಿನ ಒಳಗಿನ ಸದ್ದನ್ನು ಎಬ್ಬಿಸಿತು. ಒಳ್ಳೆಯ ನೃತ್ಯನಾಟಕ ಮಾಡುವುದೂ ಇದನ್ನೇ.

ಇನ್ನೊಂದು ಮಾತು. ಕಿವಿ ಕೇಳಿಸದ ಮಕ್ಕಳೂ ಇದರಲ್ಲಿ ಪೂರ್ತಿ ಪಾಲುದಾರರು. ಸ್ಕಾಟ್ಲೆಂಡಿನ ತಾಳವಾದ್ಯ ಕಲಾವಿದೆ ಎವೆಲಿನ್ ಗ್ಲೆನಿ ಅವರಿಗೆ ಚಿಕ್ಕಂದಿನಲ್ಲೇ ಕಿವಿ ಹೆಚ್ಚುಕಡಿಮೆ ಹೋಯಿತು. ಅವರು ಬರಿಗಾಲಲ್ಲಿ ನಿಂತು ನೆಲದ ಕಂಪನ ಹಿಡಿದು ನುಡಿಸುತ್ತಾರೆ. ಮರದ ಹಲಗೆಯ ಮೇಲೆ ಕಾಲು ತಟ್ಟಿದರೆ ಪಕ್ಕ ಕೂತ ಮಗುವಿಗೆ ಅದು ಮೈಗೇ ತಲುಪುತ್ತದೆ. ಸಿನಿಮಾ ಹಾಡಿನ ಸಾಲಿನಲ್ಲಿ ಆ ಮಗುವನ್ನು ಸುಮ್ನೆ ಕೊನೆಗೆ ನಿಲ್ಲಿಸುತ್ತೇವೆ.

ಹಾಸನಾಂಬ ಕಲಾಕ್ಷೇತ್ರದ ದೊಡ್ಡ ಸಭಾಂಗಣವನ್ನು ನಾನು ಕೇಳುತ್ತಿಲ್ಲ. ಐವತ್ತು ಮಕ್ಕಳು ಕೂರುವ ಒಂದು ಕೋಣೆ, ಹಾಸಲು ಹಲಗೆ, ವರ್ಷಕ್ಕೆ ಒಂದು ವಾರ. ಅಷ್ಟಕ್ಕೆ ಜಿಲ್ಲೆಯಲ್ಲಿ ದುಡ್ಡಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ವಿರೋಧ: ಈ ವಯಸ್ಸಿನ ಮಗುವನ್ನು ಪ್ರೇಕ್ಷಕ ಮಾಡಬೇಡಿ

ಹುಸಿಯ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಒಂದು ವಿಷಯ ಗಮನಿಸಿ. ಆ ಮಗು ಕಾಯುವುದನ್ನು ಕಲಿತದ್ದು ತಾನೇ ತಾಳ ಹಾಕಿ. ಬೇರೆಯವರು ಹಾಕಿದ್ದನ್ನು ಕೂತು ನೋಡಿ ಕಲಿಯಲಿಲ್ಲ. ನಾಲ್ಕು ವರ್ಷದ ಮಗುವಿಗೆ ಮಳೆಯ ಸದ್ದು ಬೇಕಾದರೆ ತನ್ನ ಅಂಗೈ ತಾನೇ ತಟ್ಟಬೇಕು. ಜಮಖಾನದ ಮೇಲೆ ಕೂರಿಸಿ ದೊಡ್ಡವರು ಅದನ್ನು ಕುಣಿದು ತೋರಿಸಿದರೆ, ಎಷ್ಟೇ ಚೆನ್ನಾಗಿದ್ದರೂ, ಅದು ದೊಡ್ಡವರ ಆಟವಾಗುತ್ತದೆ.

ಮೌನದ ಬಗ್ಗೆ ನನಗೆ ಇನ್ನೂ ದೊಡ್ಡ ತಕರಾರಿದೆ. ಅಂಗನವಾಡಿಗೆ ಬರುವ ಮಕ್ಕಳು ದಿನವಿಡೀ ಕೇಳುವ ಮಾತು ಯಾವುದು? "ಕೈ ಕಟ್ಟು, ಬಾಯ್ಮೇಲೆ ಬೆರಳು." ಮನೆಯಲ್ಲಿ "ಸುಮ್ನಿರು". ನಾಟಕಕ್ಕೆ ಕರೆದುಕೊಂಡು ಬಂದ ದೊಡ್ಡವರೂ ಇವರೇ ತಾನೇ? ಕಲಾವಿದೆ ಗಕ್ಕನೆ ನಿಂತಾಗ ಯಾವುದೋ ಮಗು ಕೂಗುತ್ತದೆ. ಕಲಾವಿದೆ ಆ ಕೂಗನ್ನು ಎತ್ತಿಕೊಳ್ಳುವ ಮೊದಲೇ ಪಕ್ಕದ ಟೀಚರ್ "ಶ್" ಅಂದಿರುತ್ತಾರೆ. ಪರವಾಗಿ ಬರೆದವರು ಬಯಸುವ ಮೌನ ಬೇರೆ, ಅದು ನನಗೆ ಅರ್ಥವಾಗುತ್ತದೆ. ಮಗುವಿಗೆ ತಲುಪುವುದು ಮಾತ್ರ ಹಳೆಯ "ಸುಮ್ನಿರು" ಅನ್ನುವುದೇ. ಮೊದಲು ದೊಡ್ಡವರಿಗೆ ಪಾಠ ಆಗಬೇಕು, ನಾಟಕ ಆಮೇಲೆ.

1952ರ ಆಗಸ್ಟ್ 29ರಂದು ಅಮೆರಿಕದ ವುಡ್‌ಸ್ಟಾಕಿನಲ್ಲಿ ಸಂಗೀತ ಸಂಯೋಜಕ ಜಾನ್ ಕೇಜ್ ಅವರ '4 ನಿಮಿಷ 33 ಸೆಕೆಂಡು' ಎಂಬ ಕೃತಿ ಮೊದಲ ಸಲ ಪ್ರದರ್ಶನವಾಯಿತು. ಡೇವಿಡ್ ಟ್ಯೂಡರ್ ಪಿಯಾನೋ ಮುಂದೆ ಕೂತರು, ಒಂದು ಸ್ವರವನ್ನೂ ನುಡಿಸಲಿಲ್ಲ. ಆಗ ಹೊರಗಿನ ಗಾಳಿ ಕೇಳಿಸಿತು, ಮಾಡಿನ ಮೇಲೆ ಮಳೆಹನಿ ಬಿದ್ದದ್ದು ಕೇಳಿಸಿತು ಎಂದು ಕೇಜ್ ಆಮೇಲೆ ಹೇಳಿದರು. ದೊಡ್ಡ ಕೆಲಸವೇ ಅದು. ಆದರೆ ಕೊಪ್ಪ, ಶೃಂಗೇರಿ, ಮೂಡಿಗೆರೆಯ ಮಗು ಹೆಂಚಿನ ಮೇಲೆ ಮಳೆ ಬೀಳುವುದನ್ನು ಜೂನ್‌ನಿಂದ ಕೇಳುತ್ತಲೇ ಇರುತ್ತದೆ. ಮಳೆ ನಿಂತ ಮೇಲೆ ಸೂರಿನ ನೀರು ತೊಟ್ಟಿಕ್ಕುವುದು, ಕಪ್ಪೆ ಕೂಗುವುದು, ಸಂಜೆ ಜೀರುಂಡೆ ಒಮ್ಮೆಲೇ ಶುರುವಾಗಿ ಒಮ್ಮೆಲೇ ನಿಲ್ಲುವುದು ಎಲ್ಲವೂ ಅದರ ಕಿವಿಯ ಹತ್ತಿರವೇ ಇವೆ. ಅಂಥ ಮಗುವನ್ನು ಬಸ್ಸು ಹತ್ತಿಸಿ, ತಿರುವು ರಸ್ತೆಯಲ್ಲಿ ವಾಂತಿ ಮಾಡಿಸಿ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರಕ್ಕೆ ಕರೆತಂದು ಬೆರಳು ತಟ್ಟಿದ ಮಳೆ ತೋರಿಸಬೇಕಾ? ಟೀಚರ್ ಜೊತೆ ಜಗಲಿಯಲ್ಲಿ ಕೂತು ಕೇಳಿದರೆ ಸಾಕು. ಹಾಸನ ಪೇಟೆಯ ಫ್ಲ್ಯಾಟಿನ ಮಗುವಿಗೆ ಈ ವಾದ ಅಷ್ಟು ಹೊಂದುವುದಿಲ್ಲ, ಅದು ನಿಜ.

ಭಾಷೆಯ ಪ್ರಶ್ನೆಯೂ ಇದೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ತಮಿಳು, ತುಳು, ಹಿಂದಿ ಮಾತಾಡುವ ಮಕ್ಕಳಿದ್ದಾರೆ. ಅವರಿಗೆ ಕನ್ನಡ ಸಿಗುವ ಮೊದಲ ಜಾಗ ಅಂಗನವಾಡಿ. ಮಾತಿಲ್ಲದ ನಾಟಕದಲ್ಲಿ ಅವರೂ ಸಮಾನರು, ಅದು ಚೆಂದವೇ. ಆದರೆ ಅರ್ಧ ಗಂಟೆಯ ಸಮಾನತೆಗಿಂತ ಅವರಿಗೆ ಬೇಕಾದದ್ದು ಮಾತು. ಹಾಡು, ಒಗಟು, ಪ್ರಾಸ, ಅಜ್ಜಿ ಕಥೆ. ಇರುವ ಸ್ವಲ್ಪ ದುಡ್ಡನ್ನು ಮಾತಿಲ್ಲದ್ದಕ್ಕೆ ಸುರಿದರೆ ಅವರಿಗೆ ನಷ್ಟ.

ಲೆಕ್ಕವನ್ನೂ ನೋಡಿ. ಐವತ್ತು ಮಕ್ಕಳಿಗೆ ಒಂದು ಪ್ರದರ್ಶನ. ಮೂವರು ಕಲಾವಿದರ ಸಂಭಾವನೆ, ಓಡಾಟ, ಊಟ. ವಾರ ಮುಗಿದ ಮೇಲೆ ತಂಡ ಹೋಗುತ್ತದೆ. ನೋಡಿದ್ದು ಪೇಟೆಗೆ ಹತ್ತಿರದ ಮಕ್ಕಳು. ಒಳಗಿನ ಹಳ್ಳಿಯ ಅಂಗನವಾಡಿಯಲ್ಲಿ ಟೀಚರ್ ಒಬ್ಬರೇ ಬೆಳಗಿನಿಂದ ಮೊಟ್ಟೆ ಬೇಯಿಸಿ, ತೂಕ ನೋಡಿ, ದಾಖಲೆ ಬರೆದು ಸುಸ್ತಾಗಿರುತ್ತಾರೆ. ಅವರ ಕೈಗೆ ಏನೂ ಸಿಗಲಿಲ್ಲ.

ಕಲಾವಿದರು ಬರಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ನಾಟಕ ಹೊತ್ತು ಬರುವುದು ಬೇಡ. ಒಬ್ಬ ನೃತ್ಯ ಕಲಾವಿದೆ ಒಂದು ತಿಂಗಳು ನಾಲ್ಕೈದು ಅಂಗನವಾಡಿಗಳಿಗೆ ಸುತ್ತಲಿ. ಪಕ್ಕದ ಊರಿನ ವೀರಗಾಸೆಯವರನ್ನು, ಸುಗ್ಗಿ ಕುಣಿತದವರನ್ನು ಅಂಗಳಕ್ಕೆ ಕರೆಯಲಿ. ಅವರ ತಾಳವನ್ನು ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ. ಗೆಜ್ಜೆಯನ್ನು ಮಕ್ಕಳ ಕಾಲಿಗೆ ಕಟ್ಟಿ ಓಡಿಸಲಿ, ನಿಲ್ಲಿಸುವ ಆಟ ಆಡಿಸಲಿ. ಟೀಚರಿಗೆ ಹತ್ತು ಆಟ ಕಲಿಸಿ, ಒಂದು ಜೊತೆ ಗೆಜ್ಜೆ, ಒಂದು ತಮಟೆ, ಎರಡು ಮೊರ ಅಲ್ಲೇ ಬಿಟ್ಟು ಹೋಗಲಿ. ಜಿಲ್ಲೆಯಲ್ಲಿ ದುಡ್ಡು ಇದೆ ಅನ್ನುವುದಾದರೆ ಮೊದಲ ಖರ್ಚು ಅದಕ್ಕೆ ಆಗಲಿ.