ಟಿಕೆಟ್ ಇದೆ, ಆದ್ರೆ ಇಲ್ಲ

ಜರ್ಮನಿಯ ಮೆಟ್ರೋ ನಿಲ್ದಾಣಗಳಿಗೆ ಗೇಟೇ ಇಲ್ಲ. ನಮ್ಮ ಮೆಜೆಸ್ಟಿಕ್ಕಿನ ಹಾಗೆ ಕಾರ್ಡ್ ತಾಗಿಸಬೇಕಾಗಿಲ್ಲ, ಬ್ಯಾಗು ತೋರಿಸಬೇಕಾಗಿಲ್ಲ. ಸೀದಾ ಹೋಗಿ ರೈಲು ಹತ್ತಬಹುದು. ಮೊದಲ ದಿನ ಅಮ್ಮ ಬೆರಗಾದಳು. "ಜನರ ಮೇಲೆ ಎಷ್ಟು ನಂಬಿಕೆ ನೋಡೋ ಇವರಿಗೆ!" ಅಂದಳು. ಮೂರನೇ ದಿನ ಆ ನಂಬಿಕೆಯ ರೇಟು ಗೊತ್ತಾಯಿತು. ತಲೆಗೆ 60 ಯೂರೋ.

ಟಿಕೆಟ್ ಇಲ್ಲದೆ ಹತ್ತಿದ್ದೆವು ಅಂದುಕೊಳ್ಳಬೇಡಿ. ಮಷೀನಿನ ಮುಂದೆ ಹತ್ತು ನಿಮಿಷ ತಲೆ ಕೆರೆದುಕೊಂಡು ಎರಡು ಟಿಕೆಟ್ ತೆಗೆದಿದ್ದೆ. ಅಮ್ಮ ಅವನ್ನು ದೇವಸ್ಥಾನದ ಕುಂಕುಮದ ಪೊಟ್ಟಣದ ಹಾಗೆ ಪರ್ಸಿನೊಳಗೆ ಜೋಪಾನ ಮಾಡಿದ್ದಳು. ಎದುರಿಗೆ ಜೀನ್ಸ್ ಹಾಕಿದ ಒಬ್ಬ ಹುಡುಗ ಪಾಪದವನ ಹಾಗೆ ಕೂತಿದ್ದ. ಬಾಗಿಲು ಮುಚ್ಚಿದ್ದೇ ತಡ, ಜೇಬಿನಿಂದ ಗುರುತಿನ ಚೀಟಿ ತೆಗೆದ. ಅಮ್ಮ ಹೆಮ್ಮೆಯಿಂದ ಟಿಕೆಟ್ ಕೊಟ್ಟಳು. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮುದ್ರೆ ಇಲ್ಲ" ಅಂದ.

ಮಷೀನಿನಿಂದ ಬಂದದ್ದು ಟಿಕೆಟ್ ಅಲ್ಲವಂತೆ, ಬರೀ ಕಾಗದವಂತೆ. ಪ್ಲಾಟ್‌ಫಾರ್ಮಿನಲ್ಲಿ ಒಂದು ಪುಟ್ಟ ಡಬ್ಬ ಇರುತ್ತದೆ. ಅದರ ಬಾಯಿಗೆ ಕಾಗದ ಇಟ್ಟರೆ 'ಕಟ್' ಎಂದು ದಿನ, ಸಮಯ ಒತ್ತುತ್ತದೆ. ಆಗ ಅದು ಟಿಕೆಟ್ ಆಗುತ್ತದೆ. ಕೆಲವು ಊರಿನಲ್ಲಿ ಮಷೀನೇ ಸಮಯ ಒತ್ತಿ ಕೊಡುತ್ತದೆ, ಕೆಲವು ಊರಿನಲ್ಲಿ ಕೊಡುವುದಿಲ್ಲ. ನೀವು ಯಾವ ಊರಿನಲ್ಲಿ ಇದ್ದೀರಿ ಎಂಬುದು ನಿಮಗೆ ಗೊತ್ತಿರಬೇಕು, ಅಷ್ಟೇ.

ಹತ್ತು ನಿಮಿಷದ ಹಿಂದೆ ದುಡ್ಡು ಕಟ್ಟಿದ ಬ್ಯಾಂಕಿನ ಮೆಸೇಜ್ ತೋರಿಸಿದೆ. ಆಗಲಿಲ್ಲ. ಮೆಸೇಜಿಗೂ ಮುದ್ರೆ ಇರಲಿಲ್ಲವಲ್ಲ. ತಮಾಷೆ ಏನು ಗೊತ್ತಾ? ಹೆಸರಿರುವ ತಿಂಗಳ ಪಾಸನ್ನು ಮನೆಯಲ್ಲಿ ಮರೆತು ಬಂದವರು ವಾರದೊಳಗೆ ತಂದು ತೋರಿಸಿದರೆ 7 ಯೂರೋದಲ್ಲಿ ಮುಗಿಯುತ್ತದೆ. ಪಾಸು ಮರೆತರೆ 7, ಒತ್ತುವುದು ಮರೆತರೆ 60.

"ಎದುರಿಗೇ ಕೂತಿದ್ದ ಹುಡುಗ, ಹತ್ತುವಾಗಲೇ ಹೇಳಬಾರದಿತ್ತಾ?" ಅಂತ ಅಮ್ಮನ ಪ್ರಶ್ನೆ. ಕಂಡಕ್ಟರ್ ತಾನಾಗಿ ಬಂದು "ಯಾರ್ರೀ ಟಿಕೆಟ್" ಅಂತ ಕೂಗಿ, ಚಿಲ್ಲರೆ ಬಾಕಿಯನ್ನು ಟಿಕೆಟಿನ ಬೆನ್ನಿಗೆ ಬರೆದುಕೊಡುವ ಊರಿನವಳು ಅವಳು.

ಟಿಕೆಟ್ ಇಲ್ಲದ ಸವಾರಿಗೆ ಜರ್ಮನರು 'ಕಪ್ಪು ಪ್ರಯಾಣ' ಎಂಬ ಅರ್ಥದ ಪದ ಬಳಸುತ್ತಿದ್ದರು. ಆ ಪದ ಸರಿಯಲ್ಲ ಅಂತ ಕೆಲವು ಊರುಗಳ ಸಾರಿಗೆಯವರು ಅದನ್ನು ಈಚೆಗೆ ಕೈಬಿಟ್ಟರು. ಪದ ಹೋಯಿತು, 60 ಯೂರೋ ಉಳಿಯಿತು. ಟಿಕೆಟ್ ಇಲ್ಲದ ಸವಾರಿಯನ್ನು ಅಪರಾಧ ಅನ್ನುವ ಕಾನೂನು, ಜರ್ಮನಿಯ ದಂಡ ಸಂಹಿತೆಯ 265ಎ ಕಲಂ, 1935ರದ್ದು. ಹಿಟ್ಲರ್ ಹೋಗಿ ಎಷ್ಟು ವರ್ಷವಾಯಿತು, ಕಲಂ ಮಾತ್ರ ಇನ್ನೂ ರೈಲಿನಲ್ಲೇ ಓಡಾಡುತ್ತಿದೆ. ಒಂದು ವರ್ಷದವರೆಗೆ ಜೈಲು ಶಿಕ್ಷೆ ಕೊಡಬಹುದು. ಕೋರ್ಟು ಹಾಕಿದ ದಂಡ ಕಟ್ಟಲಾಗದ ಬಡವರು ನಿಜವಾಗಿಯೂ ಒಳಗೆ ಹೋಗುತ್ತಾರೆ. ಅವರ ದಂಡ ಕಟ್ಟಿ ಬಿಡಿಸಿಕೊಂಡು ಬರುವುದಕ್ಕೆಂದೇ 2021ರಲ್ಲಿ ಒಂದು ನಿಧಿ ಹುಟ್ಟಿಕೊಂಡಿತು.

ಲೆಕ್ಕ ಹಾಕಿ. ಒಬ್ಬನನ್ನು ಒಂದು ದಿನ ಜೈಲಿನಲ್ಲಿ ಇಡಲು ಸರ್ಕಾರಕ್ಕೆ 100 ಯೂರೋಗಿಂತ ಜಾಸ್ತಿ ಖರ್ಚು. ದೇಶವಿಡೀ ಊರ ಬಸ್ಸು, ಮೆಟ್ರೋ, ಪ್ಯಾಸೆಂಜರ್ ರೈಲು ಹತ್ತಬಹುದಾದ ತಿಂಗಳ ಪಾಸು 2025ರಲ್ಲಿ 58 ಯೂರೋ. ಅವನಿಗೆ ಪಾಸು ಕೊಡಿಸಿ, ಮಿಕ್ಕ ದುಡ್ಡಲ್ಲಿ ಊಟವನ್ನೂ ಹಾಕಿಸಬಹುದಿತ್ತು. ಆದರೆ ಪಾಸು ಕೊಡಿಸಿದರೆ ಶಿಸ್ತು ಕೆಡುತ್ತದೆ, ಅಲ್ವಾ?

ದಂಡ ಕಟ್ಟಿದ ಮಾರನೇ ದಿನದಿಂದ ಅಮ್ಮ ಡಬ್ಬ ಕಂಡಲ್ಲೆಲ್ಲ ನಿಲ್ಲತೊಡಗಿದಳು. ಹತ್ತುವಾಗ ಒಂದು ಸಲ, ರೈಲು ಬದಲಿಸುವಾಗ ಒಂದು ಸಲ, ಇಳಿದ ಮೇಲೂ ಒಂದು ಸಲ. "ಇರಲಿ ಬಿಡೋ, ಒಳ್ಳೇದು" ಅನ್ನುತ್ತಿದ್ದಳು. ಸಂಜೆಯ ಹೊತ್ತಿಗೆ ಆ ಟಿಕೆಟ್ ಪೂರ್ತಿ ಕಪ್ಪಾಗಿತ್ತು. ಯಾವ ದಿನದ್ದು, ಎಷ್ಟು ಗಂಟೆಯದು, ಒಂದೂ ಓದಲಾಗುತ್ತಿರಲಿಲ್ಲ.