ಅಪ್ಪನ ಹೆಸರಿನ ಗುಡಿಸು

ನಮ್ಮಪ್ಪ ತೀರಿಕೊಂಡು ಎರಡು ವರ್ಷವಾಯಿತು. ಆದರೆ ಅವರು ಪೂರ್ತಿ ತೀರಿಕೊಂಡಿಲ್ಲ ಎಂದು ಒಂದು ಕಚೇರಿ ಪಟ್ಟು ಹಿಡಿದು ಕೂತಿದೆ. ಪಹಣಿಯಲ್ಲಿರುವ ಹೆಸರು ಪುಟ್ಟಸ್ವಾಮಿ. ಮರಣ ಪತ್ರದಲ್ಲಿ ಅಚ್ಚಾಗಿ ಬಂದಿರುವುದು ಪುಟ್ಟಸ್ವಾಮ, ಅದರ ಪಕ್ಕಕ್ಕೆ ಕರಿ ವಜ್ರದೊಳಗೆ ಕೂತ ಒಂದು ಪ್ರಶ್ನಾರ್ಥಕ ಚಿಹ್ನೆ. ಪೌತಿ ಖಾತೆ ಮಾಡಿಸಲು ಹೋದ ನನ್ನ ಮುಂದೆ ಎರಡೂ ಕಾಗದ ಹರಡಿ ಕೌಂಟರಿನವರು ಕೇಳಿದರು: “ಸತ್ತಿರೋದು ‘ಮ’ ಸಾರ್. ‘ಮಿ’ ಸತ್ತದ್ದಕ್ಕೆ ದಾಖಲೆ ಎಲ್ಲಿ?”

ಸತ್ತವರ ಮನೆಯಲ್ಲಿ ಹನ್ನೊಂದನೇ ದಿನ ಊಟ ಮಾಡಿ ಹೋದ ಊರಿನ ಮುನ್ನೂರು ಜನರನ್ನು ಸಾಕ್ಷಿಗೆ ಕರೆತರಬಹುದಿತ್ತು. ಅವರಲ್ಲಿ ಯಾರೂ ‘ಮಿ’ಯ ಗುಡಿಸು ಬಿಟ್ಟು ಉಂಡವರಲ್ಲ. ಆದರೆ ಕಂಪ್ಯೂಟರ್ ಊಟಕ್ಕೆ ಬಂದಿರಲಿಲ್ಲವಲ್ಲ.

ಅರ್ಜಿಯ ಪುಟದಲ್ಲಿ ಎರಡು ಆಜ್ಞೆ ಇದ್ದವು. ಮೊದಲನೆಯದು, ಹೆಸರನ್ನು ಕನ್ನಡದಲ್ಲೇ ತುಂಬತಕ್ಕದ್ದು. ಎರಡನೆಯದು, ಹೆಸರು 32 ಅಕ್ಷರ ಮೀರತಕ್ಕದ್ದಲ್ಲ. ನಾನು ಬೆರಳು ಮಡಚಿ ಎಣಿಸಿದೆ. ಪು, ಟ್ಟ, ಸ್ವಾ, ಮಿ. ನಾಲ್ಕು. ಒಂದು ಕೈಯಲ್ಲೇ ಒಂದು ಬೆರಳು ಮಿಕ್ಕಿತು. “ನಾಲ್ಕು 32ಕ್ಕಿಂತ ದೊಡ್ಡದಾ?” ಎಂದು ಕೇಳಿದೆ. “ಸಿಸ್ಟಮ್ ತಗೊಳ್ತಾ ಇಲ್ಲ ಸಾರ್” ಎಂದರು. ನಮ್ಮ ಕಾಲದ ದೇವವಾಣಿ ಇದು. ಇದರ ಮೇಲೆ ಅಪೀಲಿಲ್ಲ.

ಸೋಮವಾರಪೇಟೆಗೆ ವಾಪಸು ಬಂದಾಗ ನನ್ನ ಅಕ್ಕನ ಮಗ ಕಣದ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಲ್ಯಾಪ್‌ಟಾಪ್ ಕುಟ್ಟುತ್ತಿದ್ದ. ಬೆಂಗಳೂರಿನ ಕೆಲಸ, ಕೂತಿದ್ದು ನಮ್ಮ ಕಾಫಿ ಕಣದಲ್ಲಿ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಸುತ್ತ ರೊಬಸ್ಟಾ ಚೆರಿ ಒಣಗುತ್ತಿತ್ತು, ಆಳುಗಳು ಅವನ ಕಾಲಡಿಯ ಕಾಫಿಯನ್ನೂ ಎಳೆದು ಹರಡುತ್ತಿದ್ದರು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗೆ ಸಿ ಎಂಬ ಇನ್ನೊಂದು ಕಂಪ್ಯೂಟರ್ ಭಾಷೆಯ ಕಡೆಯಿಂದ ಹಿಂಬಾಗಿಲು ಕೂರಿಸುವುದು ಅವನ ಉದ್ಯೋಗ. ಮುಂಬಾಗಿಲಲ್ಲಿ ಪೈಥಾನ್ ಬಲು ಮರ್ಯಾದಸ್ಥ, ಅಕ್ಷರವನ್ನು ಅಕ್ಷರ ಎಂದೇ ಕರೆಯುತ್ತದೆ. ಹಿಂಬಾಗಿಲಿಗೆ ಹೋದರೆ ಅಲ್ಲಿ ಅಕ್ಷರವೂ ಇಲ್ಲ, ಹೆಸರೂ ಇಲ್ಲ, ಅಪ್ಪನೂ ಇಲ್ಲ. ಬರೀ ಬೈಟು. ಸೊನ್ನೆಯಿಂದ 255ರವರೆಗಿನ ಸಂಖ್ಯೆಗಳ ಸಾಲು, ಅಷ್ಟೇ.

ಮರಣ ಪತ್ರ ನೋಡಿದ ಕೂಡಲೇ ನಕ್ಕ. “ಮಾವ, ಒಳಗೆ ಎಂತ ಬರೆದಿದ್ದಾರೋ ನಾನು ನೋಡಿಲ್ಲ. ಆದ್ರೆ ಗಾಯ ನೋಡಿದ್ರೆ ಕತ್ತಿ ಯಾವುದೂಂತ ಗೊತ್ತಾಗ್ತದೆ.”

ಅವನು ಬಿಡಿಸಿ ತೋರಿಸಿದ ಲೆಕ್ಕ ಹೀಗಿದೆ. ಲೋಕದ ಲಿಪಿಗಳಿಗೆಲ್ಲ ನಂಬರು ಹಂಚುವ ಯೂನಿಕೋಡ್ ಕಣ್ಣಿಗೆ ನಮ್ಮಪ್ಪ ನಾಲ್ಕು ಅಕ್ಷರದವರಲ್ಲ, ಹನ್ನೊಂದು ತುಂಡಿನವರು. ಪ, ಕೊಂಬು, ಟ, ಅರ್ಧ ಮಾಡುವ ಚಿಹ್ನೆ, ಇನ್ನೊಂದು ಟ, ಸ, ಮತ್ತೆ ಅರ್ಧದ ಚಿಹ್ನೆ, ವ, ದೀರ್ಘ, ಮ, ಕೊನೆಗೆ ಗುಡಿಸು. ಆ ತುಂಡುಗಳನ್ನು ಬೈಟಾಗಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ತುಂಡಿಗೂ ಮೂರು ಬೈಟು. ಹನ್ನೊಂದು ಮೂರಲೆ 33. ಹೆಸರಿನ ಪೆಟ್ಟಿಗೆ ಇರುವುದು 32 ಬೈಟಿನದು, ಅದರಲ್ಲೂ ಕೊನೆಯದೊಂದು ಮನೆ ‘ಇಲ್ಲಿಗೆ ಮುಗಿಯಿತು’ ಎನ್ನುವ ಸೊನ್ನೆಗೆ ಮೀಸಲು. ಉಳಿದದ್ದು 31. ‘ಮ’ ಮುಗಿಯುವ ಹೊತ್ತಿಗೆ 30 ಖರ್ಚಾಯಿತು. ಗುಡಿಸಿಗೆ ಬೇಕಾದ ಮೂರು ಬೈಟು 224, 178, 191. ಅದರಲ್ಲಿ 224 ಮಾತ್ರ ಒಳಗೆ ಹೋಯಿತು, ಮಿಕ್ಕ ಇಬ್ಬರು ಬಸ್ ತಪ್ಪಿಸಿಕೊಂಡರು. ಒಬ್ಬಂಟಿ 224ಕ್ಕೆ ಏನರ್ಥ? ಏನೂ ಇಲ್ಲ. ಅದಕ್ಕೇ ಕರಿ ವಜ್ರ. ಗುಡಿಸನ್ನು ಗುಡಿಸಿ ಹಾಕಿದ್ದು ಹೀಗೆ.

ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ಹತ್ತು ಅಕ್ಷರ, ಹತ್ತೇ ಬೈಟು. ಪೆಟ್ಟಿಗೆಯಲ್ಲಿ ಅಪ್ಪನ ಜೊತೆ ಅಜ್ಜನೂ ಕಾಲು ಚಾಚಿ ಮಲಗಬಹುದಿತ್ತು. ಕನ್ನಡದಲ್ಲೇ ಬರೆಯಿರಿ ಎಂದು ಆಜ್ಞೆ ಮಾಡಿ, ಕನ್ನಡಕ್ಕೆ ಮೂರು ಪಟ್ಟು ಬಾಡಿಗೆ ಹಾಕಿ, ಕೋಣೆಯನ್ನು ಮಾತ್ರ ಇಂಗ್ಲಿಷಿನ ಅಳತೆಗೆ ಕಟ್ಟಿರುವ ಈ ಛತ್ರದ ಬಾಗಿಲಿಗೆ ನವೆಂಬರ್ 1ರಂದು ತಪ್ಪದೆ ಹಳದಿ-ಕೆಂಪು ತೋರಣ ಕಟ್ಟುತ್ತಾರೆ.

ತಪ್ಪು ಯುಟಿಎಫ್-8ರದ್ದಲ್ಲ. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ಎಂಬಿಬ್ಬರು ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ತಟ್ಟೆಯಡಿ ಹಾಸುವ ಕಾಗದದ ಮೇಲೆ ಗೀಚಿ ಹುಟ್ಟಿಸಿದ ಪದ್ಧತಿ ಅದು. ಊಟದ ಕಾಗದದ ಮೇಲೆ ಬರೆದರೂ ಜಾಣತನದಲ್ಲಿ ಕಡಿಮೆ ಮಾಡಲಿಲ್ಲ. 128ರಿಂದ 191ರ ನಡುವಿನ ಬೈಟು ಕಂಡರೆ ಅದು ಯಾರದೋ ಬಾಲ ಎಂದರ್ಥ. ಕತ್ತರಿಸಲೇಬೇಕಾಗಿ ಬಂದರೆ, ಕತ್ತಿ ಬೀಳುವ ಜಾಗದಲ್ಲಿ ಬಾಲವಿದೆಯೇ ನೋಡು, ಇದ್ದರೆ ತಲೆ ಸಿಗುವವರೆಗೆ ಹಿಂದೆ ಸರಿ. ಕನ್ನಡಕ್ಕಾದರೆ ಹೆಚ್ಚೆಂದರೆ ಎರಡು ಹೆಜ್ಜೆ. ನಮ್ಮೂರ ಕಸಾಯಿಯೂ ಕೀಲು ನೋಡಿಯೇ ಕತ್ತಿ ಇಡುತ್ತಾನೆ.

ಹಿಂಬಾಗಿಲಿನ ವಿಚಾರ ನನಗೆ ಅರ್ಥವಾದದ್ದು ಕಾಫಿ ಚೀಲದಿಂದ. ಬೈಟಿನ ಚೀಲವನ್ನು ಸಿ ಕಡೆಯಿಂದ ಪೈಥಾನಿಗೆ ಇಳಿಸುವ ಪೈಬೈಟ್ಸ್ ಫ್ರಮ್ ಸ್ಟ್ರಿಂಗ್ ಎಂಬ ಒಂದು ಫಂಕ್ಷನ್ ಇದೆಯಂತೆ. ಅದಕ್ಕೆ ಚೀಲದ ತೂಕ ಗೊತ್ತಿಲ್ಲ. ಮೊದಲ ಕಾಳಿನಿಂದ ನೋಡುತ್ತಾ ಹೋಗುತ್ತದೆ, ಸೊನ್ನೆ ಸಿಕ್ಕಿದ ಕೂಡಲೇ ಚೀಲ ಮುಗಿಯಿತು ಎನ್ನುತ್ತದೆ. 1972ರ ಸುಮಾರಿಗೆ ಹುಟ್ಟಿದ ಸಿ ಭಾಷೆಯ ಮನೆತನದ ಪದ್ಧತಿ ಇದು. ಕಾಫಿ ವ್ಯಾಪಾರಿಯೊಬ್ಬ ಚೀಲದ ಬಾಯಿ ಬಿಚ್ಚಿ, ಮೊದಲ ಜೊಳ್ಳು ಕೈಗೆ ಸಿಕ್ಕ ಕೂಡಲೇ “ಇಷ್ಟೇ ಕಾಫಿ, ಮಿಕ್ಕದ್ದು ಲೆಕ್ಕಕ್ಕಿಲ್ಲ” ಎಂದರೆ ಅವನನ್ನು ಸಂತೆ ದಿನವೇ ಅಟ್ಟಿಸಿಕೊಂಡು ಹೋಗುತ್ತೇವೆ. ಇನ್ನೊಂದು ಫಂಕ್ಷನ್ ಇದೆ, ಪೈಬೈಟ್ಸ್ ಫ್ರಮ್ ಸ್ಟ್ರಿಂಗ್ ಅಂಡ್ ಸೈಜ್. ಅದು ತೂಕದ ಚೀಟಿ ಕೇಳುತ್ತದೆ. ನಡುವೆ ಜೊಳ್ಳಿರಲಿ, ಕಲ್ಲಿರಲಿ, ಚೀಟಿಯಲ್ಲಿ ಬರೆದಷ್ಟನ್ನು ಪೂರ್ತಿ ಇಳಿಸಿಕೊಳ್ಳುತ್ತದೆ.

ಪೈಬೈಟ್ಸ್ ಆ್ಯಸ್ ಸ್ಟ್ರಿಂಗ್ ಎನ್ನುವುದಂತೂ ಕಾಫಿಯ ಬದಲು ಉಗ್ರಾಣದ ಬೀಗದ ಕೈಯನ್ನೇ ಕೊಟ್ಟುಬಿಡುತ್ತದೆ. ಅದು ಕೊಡುವುದು ನಕಲಲ್ಲ, ಒಳಗಿನ ಅಸಲಿನ ವಿಳಾಸ. ಜೊತೆಗೆ ಕಟ್ಟುನಿಟ್ಟು: ನೋಡು, ಮುಟ್ಟಬೇಡ, ಉಗ್ರಾಣ ಖಾಲಿ ಮಾಡುವ ಅಧಿಕಾರ ನಿನಗಿಲ್ಲ. ಕೈಪಿಡಿಯಲ್ಲಿ ಇವೆಲ್ಲ ಸ್ಪಷ್ಟವಾಗಿ ಬರೆದಿದೆ ಎಂದ ಅಳಿಯ. ಇನ್ನೂ ಒಂದು ನನಗೆ ಬಹಳ ಹಿಡಿಸಿತು. ಉದ್ದ ಎಷ್ಟೆಂದು ವಿಚಾರಿಸದೆ ನೀವು ಬೈಟು ಕೇಳಿದಿರಿ, ಆ ಬೈಟುಗಳ ನಡುವೆ ಸೊನ್ನೆ ಇದೆ ಎಂದಿಟ್ಟುಕೊಳ್ಳಿ. ಪೈಬೈಟ್ಸ್ ಆ್ಯಸ್ ಸ್ಟ್ರಿಂಗ್ ಅಂಡ್ ಸೈಜ್ ಸುಮ್ಮನಿರುವುದಿಲ್ಲ. ಕೆಲಸ ಕೆಟ್ಟಿತು ಎನ್ನುವ ಮೈನಸ್ ಒಂದನ್ನು ಕೈಗೆ ಕೊಟ್ಟು, ವ್ಯಾಲ್ಯೂಎರರ್ ಎಂದು ಬೊಬ್ಬೆ ಹೊಡೆಯುತ್ತದೆ. ಅರ್ಧ ಕೊಟ್ಟು ಪೂರ್ತಿ ಕೊಟ್ಟೆ ಎನ್ನುವ ಅಭ್ಯಾಸ ಅದಕ್ಕಿಲ್ಲ. ಸರ್ಕಾರಿ ನೌಕರಿಗೆ ಅದು ನಾಲಾಯಕ್ಕು.

ಕೊಡಗಿನಲ್ಲಿ ಇದನ್ನು ಯಾರಿಗೂ ಪಾಠ ಮಾಡಬೇಕಾಗಿಲ್ಲ. 50 ಕೆಜಿ ಚೆರಿ ಚೀಲದಲ್ಲಿ 50 ಕೆಜಿ ಕಾಫಿ ಇರುವುದಿಲ್ಲ ಎಂದು ಇಲ್ಲಿ ಎಳೆ ಮಕ್ಕಳಿಗೂ ಗೊತ್ತು. ಸಿಪ್ಪೆ ಹೋಗಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಬೇಳೆ ಸಿಕ್ಕರೆ ಪುಣ್ಯ. ಚೀಲಕ್ಕೆ ಸಿಗುವ ಆ ಬೇಳೆಯ ಲೆಕ್ಕಕ್ಕೇ ಓಟಿ ಎನ್ನುವುದು, ವ್ಯಾಪಾರಿ ಕೇಳುವ ಮೊದಲ ಮಾತೇ “ಓಟಿ ಎಷ್ಟು ಬಂತು?” ಗದ್ದೆಯನ್ನು ಬಟ್ಟಿ ಲೆಕ್ಕದಲ್ಲಿ ಹೇಳುತ್ತಿದ್ದ ಅಜ್ಜಂದಿರಿಗೂ ಇಂತಿಷ್ಟು ಬಟ್ಟಿ ಎಂದರೆ ನೆಲವೋ ಭತ್ತವೋ ಎಂಬ ಗೊಂದಲವಿರಲಿಲ್ಲ. ಚೀಲ ಬೇರೆ, ಬೇಳೆ ಬೇರೆ. ಬೈಟು ಬೇರೆ, ಅಕ್ಷರ ಬೇರೆ. ಪೈಥಾನಿನವರೂ 2008ರಲ್ಲಿ ಮೂರನೇ ಆವೃತ್ತಿ ತಂದಾಗ ಎರಡನ್ನೂ ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿದರು. ಯಂತ್ರ ಎಲ್ಲೂ ಸುಳ್ಳು ಹೇಳಿಲ್ಲ, ಅದು ‘32 ಬೈಟು’ ಎಂದೇ ಹೇಳಿತ್ತು. ನಡುವೆ ಯಾರೋ ಒಬ್ಬ ಪುಣ್ಯಾತ್ಮ ಅದನ್ನು ಕನ್ನಡಕ್ಕೆ ತರುವಾಗ ‘ಬೈಟು’ ಎಂಬ ಜಾಗದಲ್ಲಿ ‘ಅಕ್ಷರ’ ಎಂದು ಬರೆದ. ಕ್ಷರವಿಲ್ಲದ್ದು, ನಾಶವಿಲ್ಲದ್ದು ಅಕ್ಷರ ಎಂದು ನಮಗೆ ಮೇಷ್ಟ್ರು ಹೇಳಿಕೊಟ್ಟಿದ್ದರು. ಅವರು ಈ ಪುಟ ನೋಡಿರಲಿಲ್ಲ.

ಕುತೂಹಲ ತಡೆಯದೆ ಆ ಸಂಜೆ ಇಡೀ ಜಿಲ್ಲೆಯನ್ನು ಈ ಪೆಟ್ಟಿಗೆಯಲ್ಲಿ ಹಾಕಿ ನೋಡಿದೆವು. ಮಡಿಕೇರಿ 21, ಆರಾಮ. ವಿರಾಜಪೇಟೆ 27, ಪರವಾಗಿಲ್ಲ. ಸೋಮವಾರಪೇಟೆ, ಪೊನ್ನಂಪೇಟೆ, ಶನಿವಾರಸಂತೆ, ಸುಂಟಿಕೊಪ್ಪ ನಾಲ್ಕೂ 30ಕ್ಕೆ ಉಸಿರು ಬಿಗಿಹಿಡಿದು ಒಳಗೆ ನುಸುಳಿದವು. ಗೋಣಿಕೊಪ್ಪಲು ಮಾತ್ರ 33 ಆಗಿ ಬಾಗಿಲಲ್ಲಿ ಸಿಕ್ಕಿಬಿತ್ತು, ಕೊನೆಯ ಕೊಂಬು ಮುರಿಯಿತು. ಅಲ್ಲಿಯವರಿಗೆ ನನ್ನ ಸಂತಾಪ. ಕೊಂಬಿದ್ದವರೇ ಕಚೇರಿಯಲ್ಲಿ ಗೆಲ್ಲುವುದು ಕಷ್ಟ, ಇನ್ನು ಮುರಿದವರ ಗತಿ ಏನು?

ದಕ್ಷಿಣ ಕೊಡಗಿನ ನನ್ನ ಗೆಳೆಯನ ಪಾಡು ಇದಕ್ಕೂ ಮಜಾ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ. ಅವನ ಮನೆತನದ ಹೆಸರೇ ಪೆಟ್ಟಿಗೆಯನ್ನು ಅಂಚಿನವರೆಗೆ ತುಂಬಿತು, ಸ್ವಂತ ಹೆಸರಿಗೆ ಜಾಗವೇ ಉಳಿಯಲಿಲ್ಲ. ಹೀಗಾಗಿ ಅವನು, ಅವನ ಅಣ್ಣ, ಇಬ್ಬರು ಚಿಕ್ಕಪ್ಪಂದಿರು, ಕೋರ್ಟಿನಲ್ಲಿ ಅವನ ಮೇಲೆ ದಾವೆ ಹೂಡಿರುವ ದಾಯಾದಿ, ಎಲ್ಲರೂ ಯಂತ್ರದ ಪಾಲಿಗೆ ಒಬ್ಬನೇ ಮನುಷ್ಯ. ಒಕ್ಕ ಒಡೆಯಬಾರದು ಎಂದು ಹಿರಿಯರು ಪಂಚಾಯಿತಿ ಮಾಡಿ ಸೋತಿದ್ದರು. 32 ಬೈಟು ಮಾಡಿ ತೋರಿಸಿತು.

ಮರುವಾರ ನೋಟರಿ ಹತ್ತಿರ ಪ್ರಮಾಣ ಪತ್ರ ಮಾಡಿಸಲು ಹೋದೆ. “ಪುಟ್ಟಸ್ವಾಮಿ ಮತ್ತು ಪುಟ್ಟಸ್ವಾಮ ಎಂಬಿಬ್ಬರೂ ಒಬ್ಬರೇ” ಎಂದು ಬರೆಯುವಾಗ ಟೈಪಿಸ್ಟ್ ತಡೆದ. “ಆ ಕರಿ ವಜ್ರವನ್ನ ಎಂತ ಅಂತ ಓದೋದು ಸಾರ್?” ಕೀಲಿಮಣೆಯಲ್ಲಿ ಅದು ಇಲ್ಲ. ಹಾಗಾಗಿ ಛಾಪಾ ಕಾಗದದ ಮೇಲೆ ನಮ್ಮಪ್ಪನ ಹೆಸರು ಈಗ ಹೀಗಿದೆ: ಪುಟ್ಟಸ್ವಾಮ, ತದನಂತರ ವಜ್ರಾಕಾರದ ಕಪ್ಪು ಚೌಕ, ಸದರಿ ಚೌಕದೊಳಗೆ ಬಿಳಿ ಪ್ರಶ್ನಾರ್ಥಕ. ಜೀವಮಾನವಿಡೀ ಪ್ರಶ್ನೆ ಕೇಳಿದವರಲ್ಲ ಅವರು.

ಕೌಂಟರಿನಲ್ಲಿ ಹೊಸ ತಕರಾರು. ಈ ಸಲ ಊರಿನ ಹೆಸರು ತಾಳೆಯಾಗುತ್ತಿಲ್ಲವಂತೆ. ಎರಡು ಕಡೆಯೂ ಸೋಮವಾರಪೇಟೆ ಎಂದೇ ಇದೆ, ಎರಡನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ತೋರಿಸಿದರು. ಒಂದು ಚುಕ್ಕೆಯೂ ವ್ಯತ್ಯಾಸವಿಲ್ಲ. ಅಳಿಯನಿಗೆ ಫೋನ್ ಮಾಡಿದೆ. ‘ಸೋ’ದಲ್ಲಿರುವ ಓತ್ವವನ್ನು ಒಂದೇ ತುಂಡಾಗಿಯೂ ಬರೆಯಬಹುದು, ಮೂರು ತುಂಡು ಕೂಡಿಸಿಯೂ ಬರೆಯಬಹುದಂತೆ. ‘ಪೇ’ದ ಏತ್ವ ಎರಡು ತುಂಡಾಗಬಹುದು. ಒಂದು ಸೋಮವಾರಪೇಟೆ 30 ಬೈಟು, ಇನ್ನೊಂದು 39. ಕಣ್ಣಿಗೆ ಅವಳಿ, ಬೈಟಿಗೆ ಅಪರಿಚಿತ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕಾದದ್ದು ಪ್ರೋಗ್ರಾಂ ಬರೆದವನ ಕೆಲಸ. “ಅವನು ತರಲಿಲ್ಲ ಮಾವ” ಎಂದ.

“ಹಾಗಾದ್ರೆ ನಾನು ಯಾವ ಸೋಮವಾರಪೇಟೆಯಲ್ಲಿ ಇರೋದು?” ಎಂದು ಕೇಳಿದೆ. ಸಿಬ್ಬಂದಿ ಗಂಭೀರವಾಗಿ ಯೋಚಿಸಿ, ವಾಸಸ್ಥಳ ದೃಢೀಕರಣ ಪತ್ರ ತನ್ನಿ ಎಂದರು.

ಅದನ್ನೂ ತಂದು ಕೊಟ್ಟಾಯಿತು. ಮೊನ್ನೆ ಸಂಜೆ ಕಣದಲ್ಲಿ ಟಾರ್ಪಾಲು ಮುಚ್ಚುತ್ತಿದ್ದಾಗ ಫೋನ್ ಕಿಣಿ ಎಂದಿತು. ಸಂದೇಶ ಬಂದಿತ್ತು: “ಮಾನ್ಯರೇ, ಪುಟ್ಟಸ್ವಾಮ? ಇವರ ಹೆಸರು ತಿದ್ದುಪಡಿ ಕೋರಿ ಸಲ್ಲಿಸಿದ ತಮ್ಮ ಅರ್ಜಿಯನ್ನು”

ಅಷ್ಟೇ. ಅಂಗೀಕರಿಸಿದ್ದಾರೋ ತಿರಸ್ಕರಿಸಿದ್ದಾರೋ, ಕ್ರಿಯಾಪದ ಬರಲಿಲ್ಲ. ಕನ್ನಡದಲ್ಲಿ ಪ್ರತಿ ವಾಕ್ಯದ ಹಣೆಬರಹವೂ ಕೊನೆಯಲ್ಲೇ ಇರುತ್ತದೆ ನೋಡಿ. ಅಳಿಯ ಫೋನ್ ಇಸಿದುಕೊಂಡು ಒಂದೊಂದೇ ತುಂಡು ಬೆರಳಿಟ್ಟು ಎಣಿಸಿದ. ಇಂಗ್ಲಿಷಿನ ಸಂದೇಶಕ್ಕೆ 160ರವರೆಗೆ ಅವಕಾಶ, ಕನ್ನಡ ಬಂದರೆ 70ಕ್ಕೆ ಇಳಿಯುತ್ತದೆ ಎಂದ.

“ಇದು ಎಷ್ಟಾಯ್ತು?”

“ಸರಿಯಾಗಿ 70 ಮಾವ.”